ಮುಂಗಾಜಿಗೆ ನೀರು ಬರುತ್ತಿದೆಯೇ?
ಚಳಿಗಾಲದಲ್ಲಿ ಹಳೆಯ ಕಾರಿನ ವಾಷರ್ ದುರಸ್ತಿ



ಕಾಫಿ ಕೊಯ್ಲು, ಅಡಿಕೆ ಕೊಯ್ಲು ಎರಡೂ ಕೂಡಿಬರುವ ಚಳಿಗಾಲದಲ್ಲಿ ನಮ್ಮ ಮಲೆನಾಡಿನ ಕಾರು, ಜೀಪುಗಳಿಗೆ ಬಿಡುವೆಂಬುದಿಲ್ಲ. ಬೆಳಗ್ಗೆ ಆಳುಗಳನ್ನು ಕರೆತರಬೇಕು, ಸಂಜೆ ಬಿಟ್ಟು ಬರಬೇಕು, ನಡುವೆ ಪೇಟೆಗೂ ಸಂಘಕ್ಕೂ ಓಡಾಡಬೇಕು. ಮುಂಗಾಜು ಅತ್ಯಂತ ಕೊಳೆಯಾಗುವುದೂ ಇದೇ ತಿಂಗಳುಗಳಲ್ಲಿ. ರಾತ್ರಿಯ ಇಬ್ಬನಿ, ಹಗಲಿನ ಕೆಂಧೂಳು ಸೇರಿ ಗಾಜಿನ ಮೇಲೆ ತೆಳುವಾದ ಕೆಸರಿನ ಪೊರೆ ಕಟ್ಟುತ್ತದೆ. ಮಳೆಗಾಲದಲ್ಲಿ ಗಾಜು ತೊಳೆಯುವ ಕೆಲಸವನ್ನು ಮಳೆಯೇ ಮಾಡಿಬಿಡುವುದರಿಂದ, ಜೂನ್‌ನಲ್ಲಿ ಕೆಟ್ಟ ವಾಷರ್ ಡಿಸೆಂಬರ್‌ವರೆಗೆ ನಮ್ಮ ಗಮನಕ್ಕೆ ಬರುವುದೇ ಇಲ್ಲ.

ಇದು ಸಣ್ಣ ವಿಷಯವಲ್ಲ. ಕೊಯ್ಲಿನ ಕಾಲದಲ್ಲಿ ನಾವು ಹೊರಡುವ ಹೊತ್ತಿಗೆ ಸೂರ್ಯ ಕೆಳಗಿರುತ್ತಾನೆ. ಧೂಳಿನ ಗಾಜಿಗೆ ಎದುರು ಬಿಸಿಲು ಬಿದ್ದೊಡನೆ ರಸ್ತೆಯೇ ಮಾಯವಾಗುತ್ತದೆ. ನೀರಿಲ್ಲದೆ ವೈಪರ್ ಹಾಕಿದರೆ ಕೆಸರು ಗಾಜಿನ ತುಂಬ ಹರಡುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಮೂರು ಸೆಕೆಂಡು ಕಣ್ಣು ಕತ್ತಲಾದರೆ 33 ಮೀಟರ್. 2.7 ಮೀಟರ್ ಅಂತರದಲ್ಲಿ ನೆಟ್ಟ ಅಡಿಕೆ ಸಾಲಿನಲ್ಲಿ ಹನ್ನೆರಡು ಮರ ದಾಟಿದ ಲೆಕ್ಕ. ಅದೇ ಹೊತ್ತಿಗೆ ಅದೇ ರಸ್ತೆಯ ಅಂಚಿನಲ್ಲಿ ಕೆಲಸಕ್ಕೆ ಹೊರಟ ಹೆಂಗಸರೂ ಶಾಲೆಗೆ ಹೊರಟ ಮಕ್ಕಳೂ ನಡೆದು ಬರುತ್ತಿರುತ್ತಾರೆ.

ಮಾರುತಿ 800, ಅಂಬಾಸಡರ್ ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು. ಆದರೂ ನಮ್ಮ ಶೆಡ್ಡುಗಳಲ್ಲಿ ಇಂತಹ ಹಳೆಯ ವಾಹನಗಳು ಇನ್ನೂ ದುಡಿಯುತ್ತಿವೆ. ಅವುಗಳ ವಾಷರ್ ಬಹಳ ಸರಳವಾದುದು: ನೀರಿನ ಡಬ್ಬಿ, ಸಣ್ಣ ಮೋಟಾರು ಪಂಪು, ಪೈಪು, ನಾಝಲ್. ಔಷಧಿ ಹೊಡೆಯುವ ಪಂಪನ್ನು ಬಿಚ್ಚಿ ಜೋಡಿಸಬಲ್ಲವರು ಇದನ್ನೂ ಸರಿಪಡಿಸಬಲ್ಲರು.

ಮೊದಲು ಕಿವಿಗೊಟ್ಟು ಕೇಳಿ

ಇಂಜಿನ್ ಆರಿಸಿ, ಕೀಲಿ ಮಾತ್ರ ತಿರುಗಿಸಿ, ವಾಷರ್ ಒತ್ತಿರಿ. ‘ಗುಂಯ್’ ಎಂಬ ಸದ್ದು ಬಂದು ನೀರು ಬಾರದಿದ್ದರೆ ದೋಷ ಹೆಚ್ಚಾಗಿ ನೀರಿನ ದಾರಿಯಲ್ಲಿದೆ. ಸದ್ದೇ ಇಲ್ಲದಿದ್ದರೆ ವಿದ್ಯುತ್ತಿನ ದಾರಿಯಲ್ಲಿದೆ. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯುತ್ತದೆ.

ಸದ್ದಿದೆ, ನೀರಿಲ್ಲ

ಡಬ್ಬಿಗೆ ನೀರು ತುಂಬಿ. ಮರುದಿನ ಕಡಿಮೆಯಾಗಿದ್ದರೆ ಡಬ್ಬಿ ಬಿರಿದಿದೆ, ಇಲ್ಲವೇ ಪಂಪು ಕೂರುವ ರಬ್ಬರು ಸವೆದಿದೆ ಎಂದರ್ಥ. ಅನಂತರ ನಾಝಲ್‌ನ ಬುಡದಲ್ಲಿ ಪೈಪನ್ನು ಕಳಚಿ, ಮತ್ತೊಬ್ಬರಿಂದ ವಾಷರ್ ಒತ್ತಿಸಿ. ಪೈಪಿನ ತುದಿಯಿಂದ ನೀರು ಚಿಮ್ಮಿದರೆ ನಾಝಲ್ ಕಟ್ಟಿದೆ. ಸಣ್ಣ ಸೂಜಿಯಿಂದ ರಂಧ್ರ ಬಿಡಿಸಿ, ಪೈಪು ಕಳಚಿದ್ದಾಗಲೇ ಗಾಳಿ ಊದಿರಿ. ಪೈಪು ಸೇರಿಸಿ ಊದಿದರೆ ಕಸ ಪಂಪಿನತ್ತ ಹಿಂದಕ್ಕೆ ಹೋಗುತ್ತದೆ.

ಅಲ್ಲಿಯೂ ನೀರು ಬಾರದಿದ್ದರೆ ಪೈಪಿನ ಗುಂಟ ಹುಡುಕಿ. ಬಾನೆಟ್ಟಿನ ಕೀಲಿನ ಬಳಿ ಪೈಪು ಮಡಚಿ ಒಡೆಯುವುದು ಸಾಮಾನ್ಯ. ಶೆಡ್ಡಿನಲ್ಲಿ ಇಲಿ ಕಡಿಯುವುದು ಅದಕ್ಕಿಂತ ಸಾಮಾನ್ಯ. ಒಡೆದ ತುಂಡನ್ನು ಕತ್ತರಿಸಿ, ಹನಿ ನೀರಾವರಿಯ ಸಣ್ಣ ಪೈಪಿನ ಜೋಡಣೆಯ ತುಂಡನ್ನು ಅಳತೆ ನೋಡಿ ಹಾಕಿದರೆ ಸಾಕು. ಪೈಪು ಚೆನ್ನಾಗಿದ್ದರೆ ಪಂಪಿನ ಬಾಯಿಯ ಜಾಲರಿಯಲ್ಲಿ ಪಾಚಿ ಕಟ್ಟಿರಬಹುದು. ಡಬ್ಬಿಯನ್ನೇ ಇಳಿಸಿ ತೊಳೆಯಿರಿ. ನಾಲ್ಕಾರು ಬಾರಿ ಒತ್ತಿದ ಮೇಲೆ ನೀರು ಬರುವುದಾದರೆ, ನೀರು ಡಬ್ಬಿಗೆ ಹಿಂದಿರುಗುತ್ತಿದೆ. ನೀರನ್ನು ಒಂದೇ ಕಡೆ ಬಿಡುವ ಸಣ್ಣ ವಾಲ್ವನ್ನು, ಅದರ ಬಾಣದ ಗುರುತು ನಾಝಲ್‌ನತ್ತ ಇರುವಂತೆ, ಪೈಪಿನ ನಡುವೆ ಜೋಡಿಸಿ.

ಸದ್ದೇ ಇಲ್ಲ

ಮೊದಲು ಫ್ಯೂಸ್ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರಿನದನ್ನೇ ಹಾಕಬೇಕು. ತಂತಿಯ ಎಳೆ ಕಟ್ಟುವ ಅಭ್ಯಾಸದಿಂದ ವಾಹನಕ್ಕೇ ಬೆಂಕಿ ತಗುಲಬಹುದು. ಫ್ಯೂಸ್ ಸರಿಯಿದ್ದರೆ ಪಂಪಿನ ಪ್ಲಗ್ ಕಳಚಿ, ಅದರ ಎರಡು ತುದಿಗೆ 12 ವೋಲ್ಟಿನ ಬಲ್ಬು ಹಿಡಿದು ವಾಷರ್ ಒತ್ತಿಸಿ. ಬಲ್ಬು ಚೆನ್ನಾಗಿ ಉರಿದರೆ ಮೋಟಾರು ಕೆಟ್ಟಿದೆ. ಉರಿಯದಿದ್ದರೆ ಸ್ವಿಚ್ಚು, ತಂತಿ ಅಥವಾ ಅರ್ಥಿಂಗ್‌ನಲ್ಲಿ ದೋಷವಿದೆ. ನಮ್ಮ ಮಳೆಗೆ ಅರ್ಥಿಂಗ್ ಸ್ಕ್ರೂ ತುಕ್ಕು ಹಿಡಿಯುವುದು ಸಹಜ; ಉಜ್ಜಿ ಬಿಗಿ ಮಾಡಿ. ತಿಂಗಳುಗಟ್ಟಲೆ ಬಳಸದೆ ಸಿಕ್ಕಿಕೊಂಡ ಮೋಟಾರು ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ತಿರುಗುತ್ತದೆ. ಆದರೆ ಅದನ್ನು ನಂಬಿಕೊಂಡಿರದೆ ಹೊಸದನ್ನು ಹಾಕುವುದು ಲೇಸು. ಡಬ್ಬಿ ಬರಿದಾಗಿರುವಾಗ ಒತ್ತಬಾರದು. ನೀರಿದ್ದರೂ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು.

ಯಾವ ನೀರು?

ಮೈಲುತುತ್ತು, ಸುಣ್ಣ ಕಲಸಿದ ಕೊಡದಲ್ಲಿ ವಾಷರಿಗೆ ನೀರು ತರಲೇಬಾರದು. ಸುಣ್ಣದ ಒಂದು ಕಣ ನಾಝಲ್ ಮುಚ್ಚಲು ಸಾಕು. ಗಡಸಾದ ಬೋರ್‌ವೆಲ್ ನೀರು ಬಿಳಿ ಪೊರೆ ಕಟ್ಟುತ್ತದೆ. ಸೋಸಿದ ಮಳೆನೀರು ಉತ್ತಮ. ಬಟ್ಟೆಯ ಸೋಪಿನ ಪುಡಿ, ಸೀಮೆಎಣ್ಣೆ ಬೇಡ. ಅಂಗಡಿಯಲ್ಲಿ ಸಿಗುವ ಗಾಜು ತೊಳೆಯುವ ದ್ರಾವಣವನ್ನು ಬಾಟಲಿಯ ಮೇಲಿನ ಪ್ರಮಾಣದಲ್ಲಿ ಬೆರೆಸಿ. ಇಂಗ್ಲೆಂಡಿನಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದ್ರಾವಣ ಬೆರೆಸದ ಕೆಲವು ಕಾರುಗಳ ಬರಿಯ ನೀರಿನಲ್ಲಿ ಶ್ವಾಸಕೋಶದ ಜ್ವರ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯದ ಸುಳಿವು ಸಿಕ್ಕಿತ್ತು. ಹಳೆಯ ನೀರು ನಿಲ್ಲಿಸದಿರುವುದಕ್ಕೆ ಇದೂ ಒಂದು ಕಾರಣ. ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಮೆಥನಾಲ್ ಬೆರೆಸುತ್ತಾರೆ. ಅದು ವಿಷ, ನಮ್ಮ ಚಳಿಗೆ ಅದರ ಅಗತ್ಯವಿಲ್ಲ.

ಗಾಜಿನ ಒಳಭಾಗದ ಮಂಜಿಗೆ ವಾಷರ್ ಮದ್ದಲ್ಲ. ಕಿಟಕಿ ತುಸು ಇಳಿಸಿ, ಒಣಬಟ್ಟೆಯಿಂದ ಒರೆಸಿ. ವೈಪರಿನ ರಬ್ಬರು ಬಿರಿದಿದ್ದರೆ ಅದನ್ನೂ ಬದಲಿಸಿ. ವೈಪರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹೇಳುತ್ತವೆ. ವಾಷರೇ ಇಲ್ಲದ ಹಳೆಯ ಜೀಪುಗಳವರು, ಮುಚ್ಚಳಕ್ಕೆ ತೂತು ಕೊರೆದ ಒಂದು ಬಾಟಲಿ ನೀರನ್ನಾದರೂ ಜೊತೆಗಿಟ್ಟುಕೊಳ್ಳಿ.

ಕೊಯ್ಲಿಗೆ ಮುನ್ನ ಬುಟ್ಟಿ, ಚೀಲ, ಕಣ ಎಲ್ಲವನ್ನೂ ಸಜ್ಜು ಮಾಡುತ್ತೇವೆ. ಅದೇ ಪಟ್ಟಿಗೆ ವಾಷರನ್ನೂ ಸೇರಿಸಿಕೊಳ್ಳಿ. ಆಮೇಲೆ ವಾರಕ್ಕೊಮ್ಮೆ, ಟೈರಿನ ಗಾಳಿ ನೋಡುವಾಗಲೇ ಡಬ್ಬಿಯ ನೀರನ್ನೂ ನೋಡಿದರೆ ಸಾಕು.

— ಕಾರ್ಯದರ್ಶಿ