ಬ್ಲಾಕ್‌ಚೈನ್ ಭದ್ರ, ಕೀಲಿ ಯಾರ ಹತ್ತಿರ ಇದೆ?

‘ಬ್ಲಾಕ್‌ಚೈನ್‌ನ ಹ್ಯಾಕ್ ಮಾಡೋಕ್ಕೇ ಆಗಲ್ವಂತೆ, ಹೌದಾ?’ ಪುಣೆಯಲ್ಲಿ ಕನ್ನಡದ ಗೆಳೆಯರು ಸೇರಿದಾಗಲೆಲ್ಲ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು. ನಾನು ರೋನಿನ್ ಕಥೆ ಹೇಳುತ್ತೇನೆ.

2022ರ ಮಾರ್ಚ್ 23ರಂದು ರೋನಿನ್ ಎಂಬ ಬ್ಲಾಕ್‌ಚೈನ್‌ನ ಸೇತುವೆಯಿಂದ 1,73,600 ಈಥರ್ ಮತ್ತು 2.55 ಕೋಟಿ ಡಾಲರ್ ಬೆಲೆಯ ಯುಎಸ್‌ಡಿಸಿ ಕಳುವಾಯಿತು. ಗೊತ್ತಾದದ್ದು ಆರು ದಿನದ ಮೇಲೆ. ಕಳ್ಳರು ಯಾವ ಗಣಿತವನ್ನೂ ಮುರಿಯಲಿಲ್ಲ. ಹಣ ಹೊರಹೋಗಲು ಒಂಬತ್ತು ವ್ಯಾಲಿಡೇಟರ್‌ಗಳಲ್ಲಿ ಐದರ ಸಹಿ ಸಾಕಿತ್ತು. ನಾಲ್ಕು ಕೀಲಿಗಳು ಆಕ್ಸಿ ಇನ್ಫಿನಿಟಿ ಆಟದ ಕಂಪನಿ ಸ್ಕೈ ಮೇವಿಸ್ ಬಳಿಯೇ ಇದ್ದವು. ಐದನೆಯದರ ಕಥೆಯೇ ಸ್ವಾರಸ್ಯ: 2021ರ ನವೆಂಬರ್‌ನಲ್ಲಿ ಬಳಕೆದಾರರು ವಿಪರೀತ ಹೆಚ್ಚಿದ್ದಾಗ, ತನ್ನ ಪರವಾಗಿ ಸಹಿ ಹಾಕಲು ಆಕ್ಸಿ ಡಿಎಒ ಆ ಕಂಪನಿಗೆ ಅನುಮತಿ ಕೊಟ್ಟಿತ್ತು. ಡಿಸೆಂಬರ್‌ನಲ್ಲಿ ಆ ಏರ್ಪಾಡು ನಿಂತಿತು. ಅನುಮತಿ ಮಾತ್ರ ಹಾಗೇ ಉಳಿಯಿತು.

ಕ್ಲೌಡ್‌ನಲ್ಲಿ ಬ್ಲಾಕ್‌ಚೈನ್ ನಡೆಸುವವರಿಗೆ ಈ ಕೊನೆಯ ಮಾತು ಮುಖ್ಯ. ಅಮೆಜಾನ್ ಮ್ಯಾನೇಜ್ಡ್ ಬ್ಲಾಕ್‌ಚೈನ್‌ನಲ್ಲಿ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಜಾಲ ಕಟ್ಟುತ್ತೀರಿ ಎಂದುಕೊಳ್ಳಿ. ಅಲ್ಲಿ ಬಾಗಿಲು ಒಂದಲ್ಲ, ಎರಡು. ಬ್ಯಾಂಕ್ ಲಾಕರ್‌ಗೆ ಬ್ಯಾಂಕಿನದೊಂದು, ನಮ್ಮದೊಂದು ಕೀಲಿ ಇರುತ್ತದಲ್ಲ, ಸುಮಾರಾಗಿ ಹಾಗೆ.

ಮೊದಲನೆಯದು ಕ್ಲೌಡ್ ಖಾತೆ. ಇದರ ರೂಟ್ ಯೂಸರ್ ಅಂದರೆ ಮನೆಯ ಯಜಮಾನ. ದಿನನಿತ್ಯದ ಕೆಲಸಕ್ಕೆ ಅವನನ್ನು ಎಬ್ಬಿಸಬಾರದು. ರೂಟ್‌ಗೆ ಆಕ್ಸೆಸ್ ಕೀ ಮಾಡಲೇಬೇಡಿ. ಎಂಎಫ್‌ಎ ಹಾಕಿ, ಅದೂ ಒಬ್ಬರ ಮೊಬೈಲ್‌ನಲ್ಲಿ ಮಾತ್ರ ಅಲ್ಲ. ಎಂಟು ಸಾಧನಗಳವರೆಗೆ ನೋಂದಾಯಿಸಬಹುದು. ಖಾತೆಯ ಇಮೇಲ್ ತಂಡದ ವಿಳಾಸವಾಗಿರಲಿ. ನಾನು ನೋಡಿದ ಒಂದು ಕಂಪನಿಯಲ್ಲಿ ಅದು ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಹೋದವರ ಸ್ವಂತ ಇಮೇಲ್ ಆಗಿತ್ತು! ಉಳಿದವರಿಗೆ ಐಎಎಂ ರೋಲ್‌ಗಳ ಮೂಲಕ ತಾತ್ಕಾಲಿಕ ಪ್ರವೇಶ, ಕೆಲಸಕ್ಕೆ ಬೇಕಾದಷ್ಟೇ ಅನುಮತಿ. ಹೊಸ ಸದಸ್ಯರನ್ನು ಸೇರಿಸುವ ಪ್ರಸ್ತಾವಕ್ಕೆ ಮತ ಹಾಕುವ ಹಕ್ಕನ್ನು ಡೆವಲಪರ್‌ಗಳಿಗೆಲ್ಲ ಹಂಚಬೇಕಾಗಿಲ್ಲ. ಕ್ಲೌಡ್‌ಟ್ರೇಲ್ ಚಾಲೂ ಇರಲಿ.

ಇಷ್ಟು ಮಾಡಿ ಬಹಳಷ್ಟು ತಂಡಗಳು ಕೈ ತೊಳೆದುಕೊಳ್ಳುತ್ತವೆ. ನಿಜವಾದ ಕೆಲಸ ಇರುವುದು ಎರಡನೆಯ ಬಾಗಿಲಲ್ಲಿ.

ಸದಸ್ಯ ಸಂಸ್ಥೆಯನ್ನು ಸೃಷ್ಟಿಸುವಾಗ ಸರ್ಟಿಫಿಕೇಟ್ ಅಥಾರಿಟಿಗೆ, ಅಂದರೆ ಸಿಎಗೆ, ಒಬ್ಬ ಅಡ್ಮಿನ್ ಹೆಸರು, ಪಾಸ್‌ವರ್ಡ್ ಕೊಡುತ್ತೇವೆ. ಆ ಅಡ್ಮಿನ್ ‘ಎನ್‌ರೋಲ್’ ಆದಾಗ ನಮ್ಮ ಕ್ಲೈಂಟ್ ಯಂತ್ರದಲ್ಲೇ ಒಂದು ಪ್ರೈವೇಟ್ ಕೀ ಹುಟ್ಟಿ, ಕೀಸ್ಟೋರ್ ಎಂಬ ಫೋಲ್ಡರ್‌ನಲ್ಲಿ ಫೈಲಾಗಿ ಕೂರುತ್ತದೆ. ಲೆಡ್ಜರ್ ನಂಬುವುದು ಆ ಕೀಲಿಯ ಸಹಿಯನ್ನೇ ಹೊರತು ಕ್ಲೌಡ್ ಲಾಗಿನ್ ಅನ್ನಲ್ಲ. ಆ ಫೈಲ್ ಲ್ಯಾಪ್‌ಟಾಪಿಗೆ ನಕಲಾಯಿತು, ಗಿಟ್‌ಗೆ ಹೋಯಿತು ಅಂದರೆ ಮೊದಲ ಬಾಗಿಲಿಗೆ ಹಾಕಿದ ಎಂಎಫ್‌ಎ ಅದನ್ನು ಕಾಯುವುದಿಲ್ಲ. ಅದನ್ನು ಸೀಕ್ರೆಟ್ಸ್ ಮ್ಯಾನೇಜರ್‌ನಂಥ ಜಾಗದಲ್ಲಿಟ್ಟು, ಓದುವ ಅನುಮತಿಯನ್ನು ಒಂದೇ ರೋಲ್‌ಗೆ ಕೊಡಿ.

ಇನ್ನೊಂದು ಸೂಕ್ಷ್ಮ. ಯಾರೋ ಕೆಲಸ ಬಿಟ್ಟರು, ಐಎಎಂ ಪ್ರವೇಶ ತೆಗೆದಿರಿ. ಅವರ ಫ್ಯಾಬ್ರಿಕ್ ಸರ್ಟಿಫಿಕೇಟ್ ಇನ್ನೂ ಜೀವಂತ! ಫ್ಯಾಬ್ರಿಕ್ ಸಿಎಯ ಡೀಫಾಲ್ಟ್ ಅವಧಿಯೇ ಒಂದು ವರ್ಷ. ಜಾಲವನ್ನು ತಲುಪುವುದು ನಿಮ್ಮ ವಿಪಿಸಿಯ ಮೂಲಕ, ಹೊರಗಿನವರು ಮುಟ್ಟಲಾರರು ಎನ್ನಬಹುದು. ಆದರೆ ವಿಪಿಎನ್ ಇನ್ನೂ ಕೆಲಸ ಮಾಡುತ್ತಿದ್ದರೆ? ಅಮೆಜಾನ್ ಸೇವೆಯಲ್ಲಿ ಬಳಕೆದಾರರ ಸರ್ಟಿಫಿಕೇಟ್ ರದ್ದು ಮಾಡಲು ಬರುವುದಿಲ್ಲ; ನೀವೇ ನಡೆಸುವ ಫ್ಯಾಬ್ರಿಕ್ ಸಿಎಯಲ್ಲಿ ರದ್ದು ಮಾಡಿದರೂ ಸಾಲದು. ರದ್ದಾದವುಗಳ ಪಟ್ಟಿ ಚಾನೆಲ್‌ನ ಸಂರಚನೆಗೆ ಸೇರಿದ ಮೇಲಷ್ಟೇ ಪಿಯರ್‌ಗಳು ಆ ಸಹಿಯನ್ನು ತಿರಸ್ಕರಿಸುತ್ತವೆ. ಇದೊಂದು ಬೇಜಾರಿನ ಕೆಲಸ, ಅದಕ್ಕೇ ಮುಂದೆ ಹೋಗುತ್ತಿರುತ್ತದೆ.

ಸೇವೆಯೇ ಮುಚ್ಚಬಹುದು ಎಂಬುದೂ ನೆನಪಿರಲಿ. ಮೈಕ್ರೋಸಾಫ್ಟ್ ತನ್ನ ಅಜೂರ್ ಬ್ಲಾಕ್‌ಚೈನ್ ಸರ್ವಿಸ್ ಅನ್ನು 2021ರ ಸೆಪ್ಟೆಂಬರ್ 10ಕ್ಕೆ ನಿಲ್ಲಿಸಿತು.

ಕೆಲಸ ಬಿಡುವವರಿಂದ ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್ ಪಡೆಯುವ ಎಚ್‌ಆರ್ ಪಟ್ಟಿ ಎಲ್ಲ ಕಡೆ ಇರುತ್ತದಲ್ಲ, ನಮ್ಮ ತಂಡದಲ್ಲಿ ಅದಕ್ಕೆ ಮೂರು ಸಾಲು ಸೇರಿಸಿದ್ದೇವೆ: ಐಎಎಂ, ವಿಪಿಎನ್, ಫ್ಯಾಬ್ರಿಕ್ ಸರ್ಟಿಫಿಕೇಟ್. ಮೂರಕ್ಕೂ ಸಹಿ ಬೀಳದೆ ರಿಲೀವಿಂಗ್ ಲೆಟರ್ ಹೊರಡುವುದಿಲ್ಲ.