ಗವಿಯ ಬಿಳಿ ಪುಡಿಯೆಲ್ಲ ಸುಣ್ಣವಲ್ಲ

ಬಸವಾಪಟ್ಟಣದವರಿಗೆ ಗವಿ ಎಂದರೆ ಮೊದಲು ನೆನಪಾಗುವುದು ಹಾಲಸ್ವಾಮಿ ಗವಿಮಠ. ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನಗೆ ಬಾವಲಿಗಳ ಗವಿಯೂ ನೆನಪಾಗುತ್ತದೆ. ಬಾವಲಿ ಹಿಕ್ಕೆ ಕೊಳೆತಾಗ ರಂಜಕದ ಆಮ್ಲ ಕೆಳಗಿಳಿದು ಕಲ್ಲನ್ನೂ ಜೇಡಿಯನ್ನೂ ಕರಗಿಸುತ್ತದೆ. ಅಲ್ಲಿ ಯಾವ ಫಾಸ್ಫೇಟ್ ಖನಿಜ ಹುಟ್ಟಬೇಕೆಂದು ತೀರ್ಮಾನಿಸುವುದು ಬಂಡೆ. ಯಾಣದಂಥ ಸುಣ್ಣಕಲ್ಲಾದರೆ ಬ್ರಷೈಟ್, ಅಪಟೈಟ್. ನಮ್ಮ ಚನ್ನಗಿರಿ ಸೀಮೆಯ ನೈಸ್ ಬಂಡೆಯಲ್ಲಿ ಪೊಟ್ಯಾಸಿಯಂ, ಅಲ್ಯೂಮಿನಿಯಂ ಧಾರಾಳ. ಇಂಥ ಕಡೆ ಹುಡುಕಬೇಕಾದದ್ದು ತಾರನಕೈಟ್.

ನೋಡಲು ಎಲ್ಲವೂ ಒಂದೇ, ಗೋಡೆಯಿಂದ ಉದುರಿದ ಸುಣ್ಣದ ಹಾಗೆ. ಚಿಟಿಕೆ ಪುಡಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಡಿ. ಬುಸಬುಸನೆ ನೊರೆ ಬಂದರೆ ಸುಣ್ಣಕಲ್ಲು. ಸದ್ದಿಲ್ಲದೆ ಇದ್ದರೆ ಫಾಸ್ಫೇಟ್ ಇರಬಹುದು, ಜಿಪ್ಸಮ್ಮೂ ಇರಬಹುದು. ಆಗ ಬಿಎಸ್ಸಿ ಲವಣ ವಿಶ್ಲೇಷಣೆಯ ಹಳೆಯ ವಿದ್ಯೆ: ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಅಮೋನಿಯಂ ಮಾಲಿಬ್ಡೇಟ್ ಹಾಕಿ ಬಿಸಿ ಮಾಡಬೇಕು. ಪ್ರನಾಳದ ತಳದಲ್ಲಿ ಅಚ್ಚ ಹಳದಿ ಗಸಿ ಕೂತರೆ ಫಾಸ್ಫೇಟ್ ಎನ್ನಬಹುದು. ಯಾವ ಫಾಸ್ಫೇಟ್ ಎಂದು ಮಾತ್ರ ಅದು ಹೇಳದು.

ಅದನ್ನು ಹೇಳುವುದು ಎಕ್ಸ್-ರೇ ವಿವರ್ತನ ಯಂತ್ರ. 1866ರಲ್ಲಿ ನ್ಯೂಜಿಲೆಂಡಿನ ತಾರನಕಿಯಲ್ಲಿ ಹೆಸರು ಪಡೆದ ತಾರನಕೈಟಿಗೆ ಮುಂದೆ ಫ್ರಾನ್ಸಿನ ಗವಿಯಲ್ಲಿ ಮಿನರ್ವೈಟ್, ಇಟಲಿಯಲ್ಲಿ ಪಾಲ್ಮರೈಟ್ ಎಂದು ಬೇರೆ ಬೇರೆ ನಾಮಕರಣವಾಯಿತು. ಮೂರೂ ಒಂದೇ ಎಂದು ಆಮೇಲೆ ತಿಳಿಯಿತು. ಇದರ ಹರಳಿನ ಮೂಲಘಟಕ ಅಸಾಮಾನ್ಯ ಉದ್ದ, ಸುಮಾರು 95 ಆಂಗ್‌ಸ್ಟ್ರಾಮ್. ಹೀಗಾಗಿ ಅದರ ಮುಖ್ಯ ಗೆರೆ ಬೀಳುವುದು 5.6 ಡಿಗ್ರಿಯ ಹತ್ತಿರ, ತಾಮ್ರದ ಎಕ್ಸ್-ರೇ ಬಳಸಿದಾಗ. ಅಭ್ಯಾಸಬಲದಿಂದ 10 ಡಿಗ್ರಿಯಿಂದ ಓದಲು ಶುರುಮಾಡಿದರೆ ಆ ಗೆರೆ ತಪ್ಪಿಯೇ ಹೋಗುತ್ತದೆ! ಪ್ರಯೋಗಾಲಯಕ್ಕೆ ಪುಡಿ ಕಳಿಸುವಾಗ ‘3 ಡಿಗ್ರಿಯಿಂದ ಓದಿ’ ಎಂದು ಚೀಟಿಯಲ್ಲಿ ಬರೆಯುವುದು ಒಳ್ಳೆಯದು. ಪುಡಿಯನ್ನು ಒಲೆಯಲ್ಲಿ ಒಣಗಿಸಲೂ ಬಾರದು; ಹರಳಿನೊಳಗಿನ ನೀರು ಹೋದರೆ ತಾರನಕೈಟ್ ಬೇರೆಯೇ ಖನಿಜವಾಗುತ್ತದೆ, ಬ್ರಷೈಟ್ ಮೊನೆಟೈಟ್ ಆಗುತ್ತದೆ. ಬಿಗಿ ಮುಚ್ಚಳದ ಸಣ್ಣ ಡಬ್ಬಿ ಸಾಕು.

ಇಷ್ಟು ಓದಿ ಯಾರೂ ಪಿಕಾಸಿ ಹಿಡಿದು ಗವಿಗೆ ನುಗ್ಗಬೇಡಿ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗವಿಯನ್ನೇ ನೆಚ್ಚಿಕೊಂಡಿರುವ ಕೋಲಾರ ಎಲೆಮೂಗಿನ ಬಾವಲಿ ಅಳಿವಿನಂಚಿನಲ್ಲಿದೆ. ಗ್ರಾನೈಟ್ ಗಣಿಗಾರಿಕೆಯೇ ಅದಕ್ಕೆ ಕಂಟಕ. ಹಿಕ್ಕೆಯ ದೂಳಿನ ಶಿಲೀಂಧ್ರ ಮನುಷ್ಯರ ಶ್ವಾಸಕೋಶಕ್ಕೂ ಕೆಟ್ಟದ್ದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಮಾಸ್ಕ್ ಹಾಕಿಕೊಂಡು, ಬಾವಲಿಗಳಿಲ್ಲದ ಮೂಲೆಯಿಂದ ಒಂದು ಚಮಚ ಪುಡಿ ತನ್ನಿ. ಪರೀಕ್ಷೆಗೆ ಅಷ್ಟೇ ಬೇಕಾದದ್ದು.