ಕೈಗೆ ಬಿಡುಗಡೆ, ಕಿವಿಗೆ ಬೇಡಿ!

"ಹಲೋ... ಎಲ್ಲಿದ್ದೀಯಪ್ಪಾ?"

ಬೆಳಗಿನ ಜಾವ ಮೂರೂವರೆ. ಯೂನಿಟ್ ಕಾರು ಇನ್ನೂ ಕೆಂಗೇರಿ ದಾಟಿಲ್ಲ. ಆಗಲೇ ಮೊದಲ ಕರೆ! ಡ್ರೈವರಣ್ಣ ಜೇಬಿಗೆ ಕೈ ಹಾಕಲಿಲ್ಲ, ಫೋನನ್ನು ಮುಟ್ಟಲೂ ಇಲ್ಲ. ತಲೆಯ ಮೇಲೆ ಬಿಸಿಲು ತಡೆಯುವ ಪಟ್ಟಿಗೆ ಸಿಕ್ಕಿಸಿದ್ದ ಕರಿ ಡಬ್ಬಿಯ ಗುಂಡಿಯನ್ನು ಒಮ್ಮೆ ಒತ್ತಿದರು, ಅಷ್ಟೆ. ಪ್ರೊಡಕ್ಷನ್ ಮ್ಯಾನೇಜರರ ಗಡಸು ದನಿ ಕಾರಿನ ತುಂಬ ಮೊಳಗಿತು.

"ಕೆಂಗೇರಿ ಹತ್ರ ಇದೀನಿ ಸಾರ್."

"ಸೂರ್ಯ ಹುಟ್ಟೋ ಶಾಟು ಮಾರಾಯ! ಸೂರ್ಯ ನಿನಗೋಸ್ಕರ ಕಾಯೋದಿಲ್ಲ!"

ಹೋಗಬೇಕಾಗಿದ್ದುದು ಮೇಲುಕೋಟೆಗೆ. ರಾಯಗೋಪುರದ ಎದುರು ನಾಯಕ-ನಾಯಕಿಯ ಮೇಲೆ ಮುಂಜಾನೆಯ ದೃಶ್ಯ. ಹಿಂದಿನ ಸೀಟಿನ ತುಂಬ ನಾಯಕಿಯ ಉಡುಪಿನ ಪೆಟ್ಟಿಗೆಗಳು. ಮುಂದೆ, ಡ್ರೈವರಣ್ಣನ ಪಕ್ಕದಲ್ಲಿ, ನೋಟ್ ಪುಸ್ತಕ ಹಿಡಿದ ನಾನು. ಚಿತ್ರದ ಹೆಸರು ಬೇಡ, ಸಂಸ್ಥೆಯ ಹೆಸರೂ ಬೇಡ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.

"ಇದೇನಣ್ಣಾ ಡಬ್ಬಿ?" ಅಂದೆ.

"ಬ್ಲೂಟೂತು ಸಾರ್. ಪ್ರೊಡಕ್ಷನ್ನಿನವರೇ ಹಾಕಿಸಿಕೊಟ್ಟವ್ರೆ. ಮೂರು ಗಾಡಿಗೂ ಒಂದೊಂದು. ಕೈಯಲ್ಲಿ ಫೋನ್ ಇಲ್ಲ, ಪೊಲೀಸಿನವರದು ಕಾಟ ಇಲ್ಲ!"

ಮಾತು ಸುಳ್ಳಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 184ನೆಯ ಕಲಮು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿರುವುದು 'ಕೈಯಲ್ಲಿ ಹಿಡಿಯುವ' ಸಂಪರ್ಕ ಸಾಧನವನ್ನು. ಮೊದಲ ಸಲ ಸಿಕ್ಕಿಬಿದ್ದರೆ ಒಂದರಿಂದ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದ ಸಜೆ, ಅಥವಾ ಎರಡೂ. ಕೈಯಲ್ಲಿ ಹಿಡಿಯದಿದ್ದರೆ? ಆ ಕಲಮಿನ ಮಾತು ಅಲ್ಲಿಗೆ ನಿಲ್ಲುತ್ತದೆ. ಡಬ್ಬಿ ಹುಟ್ಟಿದ್ದೇ ಆ ಸಂದಿಯಲ್ಲಿ ಅನ್ನಬೇಕು!

ಕಾರು ರಾಮನಗರ ಮುಟ್ಟುವಷ್ಟರಲ್ಲಿ ಈ ಡಬ್ಬಿಯ ಕಥೆ ಹೇಳಿಬಿಡ್ತೀನಿ. ಕಥೆಯಲ್ಲಿ ನಮ್ಮ ಪತ್ರಿಕೆಗೆ ತಕ್ಕ ಒಬ್ಬ ತಾರೆಯೂ ಇದ್ದಾಳೆ.

ಡಬ್ಬಿಯೊಳಗೊಬ್ಬ ಬೆಡಗಿ!

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸಾಮಾನು ಮಾರುವ ಯಾವ ಅಂಗಡಿಗೆ ಹೋದರೂ ಇಂಥವು ಸಿಗುತ್ತವೆ. ಕೆಲವು ನಮ್ಮ ಡ್ರೈವರಣ್ಣನದರಂತೆ ಸ್ಪೀಕರು-ಮೈಕು ಎರಡೂ ಒಳಗೇ ಇರುವ ಡಬ್ಬಿಗಳು. ಕೆಲವು ಸಿಗರೇಟ್ ಲೈಟರಿನ ತೂತಿಗೆ ಚುಚ್ಚುವಂಥವು. ಇವು ಫೋನಿನ ಮಾತನ್ನು ಎಫ್.ಎಂ. ಅಲೆಯ ಮೇಲೆ ಕಾರಿನ ರೇಡಿಯೋಕ್ಕೆ ದಾಟಿಸುತ್ತವೆ. ಸಾವಿರ ರೂಪಾಯಿಯೊಳಗೇ ಬರುತ್ತವೆ. ಆದರೆ ಊರು ಬದಲಾದಂತೆ ಅದೇ ಜಾಗದಲ್ಲಿ ಬೇರೆ ಯಾವುದೋ ಸ್ಟೇಷನ್ನು ನುಗ್ಗಿ, ಮ್ಯಾನೇಜರರ ಬೈಗುಳದ ಮಧ್ಯೆ ಯುಗಳಗೀತೆ ಶುರುವಾಗುವುದೂ ಉಂಟು! ಈಚಿನ ಕಾರುಗಳಲ್ಲಂತೂ ಕಾರ್ಖಾನೆಯಿಂದಲೇ ಕೂಡಿಸಿ ಕಳಿಸುತ್ತಾರೆ.

ಫೋನಿಗೂ ಡಬ್ಬಿಗೂ ತಂತಿಯಿಲ್ಲದೆ ಮಾತು ಹೇಗೆ? 1994ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ, ಎರಿಕ್ಸನ್ ಕಂಪೆನಿಯಲ್ಲಿದ್ದ ಯಾಪ್ ಹಾರ್ಟ್‌ಸನ್ ಎಂಬ ಎಂಜಿನಿಯರ್ ಇದರ ಕೆಲಸಕ್ಕೆ ಕೈಹಾಕಿದ. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಐದೂ ಕಂಪೆನಿಗಳು ಒಟ್ಟು ಸೇರಿದವು. ಹೆಸರು ಮಾತ್ರ ಸಾವಿರ ವರ್ಷ ಹಳೆಯದು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹರಾಲ್ಡ್ ಎಂಬ ದೊರೆಯ ಅಡ್ಡಹೆಸರು 'ನೀಲಿ ಹಲ್ಲು'. ಅದೇ ಬ್ಲೂಟೂತ್!

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವನಿಗೆ ಭೌತಶಾಸ್ತ್ರ ಅರ್ಥವಾಗಬೇಕಾದರೆ ಸಿನಿಮಾ ಭಾಷೆಯಲ್ಲೇ ಆಗಬೇಕು. ಹೀಗಂದುಕೊಳ್ಳಿ. ನಾಯಕ, ನಾಯಕಿ ಕದ್ದು ಮಾತಾಡಬೇಕು. ಲಾಲ್‌ಬಾಗಿನಲ್ಲಿ 79 ಕಲ್ಲುಬೆಂಚುಗಳಿವೆ. ಒಂದೇ ಬೆಂಚಿನಲ್ಲಿ ಕೂತರೆ ಖಳನಾಯಕ ಬಂದು ಗದ್ದಲ ಎಬ್ಬಿಸುತ್ತಾನೆ. ಅದಕ್ಕೇ ಅರ್ಧ ಮಾತು ಒಂದು ಬೆಂಚಿನಲ್ಲಿ ಆಡಿ, ತಟ್ಟನೆ ಇನ್ನೊಂದಕ್ಕೆ ಹಾರುತ್ತಾರೆ. ಮುಂದಿನದು ಯಾವ ಬೆಂಚು ಅನ್ನೋದು ಅವರಿಬ್ಬರಿಗೆ ಮಾತ್ರ ಗೊತ್ತು. ಫೋನೂ ಡಬ್ಬಿಯೂ ಮಾಡೋದು ಇದನ್ನೇ. ಸೆಕೆಂಡಿಗೆ 1600 ಸಲ ಹಾರುತ್ತವೆ!

ಈ 'ಹಾರುವ' ಉಪಾಯಕ್ಕೆ ಬಹಳ ಹಿಂದೆಯೇ ಪೇಟೆಂಟು ಪಡೆದವರಲ್ಲಿ ಒಬ್ಬಳು ಯಾರು ಗೊತ್ತೆ? ಹಾಲಿವುಡ್ ತಾರೆ ಹೆಡಿ ಲಮಾರ್! ಹೌದು, 1949ರ 'ಸ್ಯಾಮ್ಸನ್ ಅಂಡ್ ಡಿಲೈಲಾ' ಚಿತ್ರದ ಡಿಲೈಲಾ. 1914ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಈ ಚೆಲುವೆಯೂ ಜಾರ್ಜ್ ಆಂಥೈಲ್ ಎಂಬ ಸಂಗೀತ ಸಂಯೋಜಕನೂ ಸೇರಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ಯೋಜನೆ ಹಾಕಿದರು. ನೀರೊಳಗೆ ಸಾಗುವ ಟಾರ್ಪಿಡೋಗೆ ರೇಡಿಯೋದಲ್ಲಿ ಆಜ್ಞೆ ಕೊಟ್ಟರೆ ಶತ್ರು ಕೆಡಿಸಿಬಿಡುತ್ತಾನೆ. ಅಲೆಯನ್ನೇ ಬದಲಿಸುತ್ತ ಹೋದರೆ? ತಾನಾಗಿ ನುಡಿಯುವ ಪಿಯಾನೋದಲ್ಲಿ ತೂತು ಹೊಡೆದ ಕಾಗದದ ಸುರುಳಿ ಇರುತ್ತದಲ್ಲ, ಅಂಥದೇ ಎರಡು ಸುರುಳಿ, ಹಡಗಿನಲ್ಲೊಂದು, ಟಾರ್ಪಿಡೋದಲ್ಲೊಂದು. ಪಿಯಾನೋಗೆ 88 ಮನೆ, ಇದಕ್ಕೂ 88 ಅಲೆ! 1942ರ ಆಗಸ್ಟ್‌ನಲ್ಲಿ ಅಮೆರಿಕದ ಪೇಟೆಂಟ್ ಬಂತು. ಯುದ್ಧದಲ್ಲಿ ನೌಕಾಪಡೆ ಅದನ್ನು ಬಳಸಲಿಲ್ಲ. ಸರ್ಕಾರ ಆಕೆಯ ರೂಪವನ್ನು ಯುದ್ಧನಿಧಿಯ ಬಾಂಡು ಮಾರಲು ಉಪಯೋಗಿಸಿಕೊಂಡಿತು. ಬುದ್ಧಿ ಬೇಡ, ಮುಖ ಸಾಕು! ನಮ್ಮ ಉದ್ಯಮಕ್ಕೆ ಹೊಸ ಮಾತೇನಲ್ಲ ಬಿಡಿ.

ಬ್ಲೂಟೂತ್ ಮಾಡಿದವರು ಆಕೆಯ ಕಾಗದ ನೋಡಿ ನಕಲು ಮಾಡಿದರು ಅಂತ ಹೇಳುವ ಹಾಗಿಲ್ಲ. ಆದರೆ ಉಪಾಯದ ಬೇರು ಒಂದೇ. 2000ದಲ್ಲಿ ಆಕೆ ಕಣ್ಮುಚ್ಚಿದಳು. ಅಮೆರಿಕದ ಸಂಶೋಧಕರ ಗೌರವ ಪಟ್ಟಿಯಲ್ಲಿ ಆಕೆಯ ಹೆಸರು ಸೇರಿದ್ದು 2014ರಲ್ಲಿ.

ಸ್ಪೀಕರಿನಲ್ಲಿ ಸೋರಿದ ಗುಟ್ಟು

ರಾಮನಗರ ಬಂತು, ಹೋಯಿತು. ಚನ್ನಪಟ್ಟಣ, ಮದ್ದೂರು, ಮಂಡ್ಯ. ಕರೆಗಳನ್ನು ಎಣಿಸುತ್ತಿದ್ದೆ. ಪಾಂಡವಪುರ ದಾಟುವಷ್ಟರಲ್ಲಿ ಎಂಟು!

ಒಂಬತ್ತನೆಯದು ಬಂದಾಗ ಐದೂಕಾಲು. ಜಕ್ಕನಹಳ್ಳಿ ಕಡೆಯ ರಸ್ತೆ. ಎರಡೂ ಕಡೆ ಗದ್ದೆ, ಗವ್ವೆನ್ನುವ ಕತ್ತಲು. ಈ ಸಲ ಮ್ಯಾನೇಜರರ ದನಿಯಲ್ಲಿ ಅವಸರವಿರಲಿಲ್ಲ, ಸಂಕಟವಿತ್ತು. ಪಾಪ, ಅವರಿಗೂ ಯಾರ ಹತ್ತಿರವಾದರೂ ತೋಡಿಕೊಳ್ಳಬೇಕಿತ್ತೋ ಏನೋ. ರಾತ್ರಿ ನಾಯಕಿಯ ತಾಯಿ ಏನಂದರು, ನಿರ್ಮಾಪಕರು ಏನಂದರು, ಎರಡನೆಯ ನಾಯಕನಿಗೆ ಕೊಡಬೇಕಾದ ಹಣ ಎಷ್ಟು, ಕೊಟ್ಟಿದ್ದು ಎಷ್ಟು, ಎಲ್ಲ ಹೊರಬಂತು. ಕಾರಿನಲ್ಲಿ ಪತ್ರಿಕೆಯವನೊಬ್ಬ ಕೂತಿದ್ದಾನೆ ಅನ್ನೋದು ಅವರಿಗೆ ಗೊತ್ತೇ ಇಲ್ಲ!

ಓದುಗರೇ, ಗಾಂಧಿನಗರದಲ್ಲಿ ಆರು ತಿಂಗಳು ಚಪ್ಪಲಿ ಸವೆಸಿದರೂ ಸಿಗದ ಸುದ್ದಿ, ತಾನಾಗಿ ಮಡಿಲಿಗೆ ಬಿದ್ದಿತ್ತು. ನನ್ನ ಮೈಯೆಲ್ಲ ಕಿವಿ. ಡ್ರೈವರಣ್ಣ ಒಮ್ಮೆ ನನ್ನ ಕಡೆ ನೋಡಿದರು. "ಸಾರ್, ಪಕ್ಕದಲ್ಲಿ..." ಎಂದು ಹೇಳಲು ಹೋದರು. ಮ್ಯಾನೇಜರರು ಬಿಟ್ಟರೆ ತಾನೆ! ನಾನು ಮಸಿಗತ್ತಲಲ್ಲೇ ಪುಟ ತೆರೆದು ಗೀಚಲು ಶುರುಮಾಡಿದೆ.

ಆಮೇಲೆ ಕೇಳಿದ್ದು ಬ್ರೇಕಿನ ಕಿರುಚಾಟ.

ಹಣೆ ಹೋಗಿ ಮುಂದಿನ ಹಲಗೆಗೆ ಬಡಿಯಿತು. ತಲೆಯೆತ್ತಿದರೆ ಗಾಜಿನ ತುಂಬ ಕಬ್ಬು! ಮುಂದೆ ಕಬ್ಬಿನ ಗಾಡಿ. ಹಿಂಬದಿಗೆ ದೀಪವಿಲ್ಲ. ಜಲ್ಲೆಗಳ ತುದಿ ಬಾನೆಟ್ಟನ್ನು ಸವರಿಕೊಂಡು ನಿಂತಿದ್ದವು. ಇನ್ನೊಂದು ಮೊಳ ಮುಂದೆ ಹೋಗಿದ್ದರೆ ಗಾಜು, ಆಮೇಲೆ ನಾವು. ಆಚೆ ಎತ್ತುಗಳು ಬೆದರಿ ಕೊಸರುತ್ತಿದ್ದವು.

ಗಾಡಿಯವರು ಇಳಿದು ಬಂದರು. ಅರವತ್ತರ ಮುದುಕ, ತಲೆಗೆ ಟವೆಲ್ಲು.

"ಅಷ್ಟುದ್ದ ಲೈಟು ಬುಟ್ಕಂಡು ಬತ್ತಾ ಇದೀಯ, ಕಬ್ಬು ಕಾಣಾಕಿಲ್ವೇನಪ್ಪಾ? ಮೊಮ್ಮಗ ಮ್ಯಾಗೆ ಮನಗವ್ನೆ!"

ಹೌದು. ಕಬ್ಬಿನ ಮೇಲೆ ಕಂಬಳಿ ಹೊದ್ದ ಹುಡುಗನೊಬ್ಬ ಎದ್ದು ಕೂತು ಕಣ್ಣುಜ್ಜುತ್ತಿದ್ದ.

ಡ್ರೈವರಣ್ಣನ ಕೈ ಸ್ಟೇರಿಂಗಿನ ಮೇಲೆ ನಡುಗುತ್ತಿತ್ತು. ಎರಡೂ ಕೈ ಅಲ್ಲೇ ಇದ್ದವು, ಎರಡೂ ಖಾಲಿಯಾಗಿಯೇ ಇದ್ದವು. ತಲೆಯ ಮೇಲಿನ ಡಬ್ಬಿ ಮಾತ್ರ ಬಿಡದೆ ಕೂಗುತ್ತಿತ್ತು. "ಹಲೋ... ಹಲೋ... ಕೇಳಿಸ್ತಾ ಇದೆಯಾ?"

ಕಂಡಿತ್ತು, ಆದರೆ ಕಾಣಲಿಲ್ಲ!

ಮೇಲುಕೋಟೆಯಲ್ಲಿ ಸೂರ್ಯ ಹುಟ್ಟಿದ, ಶಾಟು ಓಕೆ ಆಯಿತು. ಕಲ್ಯಾಣಿಯ ಮೆಟ್ಟಿಲ ಮೇಲೆ ಡ್ರೈವರಣ್ಣ ಇಡ್ಲಿಯ ತಟ್ಟೆ ಹಿಡಿದು ತಿನ್ನದೆ ಕೂತಿದ್ದರು. ಇಪ್ಪತ್ತೆಂಟು ವರ್ಷದ ಸರ್ವೀಸು, ಒಂದು ಗೀರೂ ಇಲ್ಲ.

"ಗಾಡಿ ಕಣ್ಣಿಗೆ ಬಿತ್ತು ಸಾರ್. ಸುಳ್ಳು ಯಾಕೆ ಹೇಳ್ಲಿ, ದೂರದಿಂದಲೇ ಬಿತ್ತು. ಆದ್ರೆ ಗಾಡಿ ಅಂತ ತಲೆಗೆ ಹೋಗ್ಲಿಲ್ಲ."

ಈ ಮಾತನ್ನು ಬರೆದುಕೊಂಡೆ. ಊರಿಗೆ ಬಂದು ಹುಡುಕಿದರೆ, ದೊಡ್ಡ ದೊಡ್ಡ ಪಂಡಿತರು ಹೇಳಿರುವುದೂ ಇದನ್ನೇ! ಕೆನಡಾದ ಟೊರಾಂಟೋದಲ್ಲಿ ಫೋನಿದ್ದು ಅಪಘಾತ ಮಾಡಿಕೊಂಡ 699 ಚಾಲಕರ ಲೆಕ್ಕ ತೆಗೆದು 1997ರಲ್ಲಿ ಇಬ್ಬರು ಸಂಶೋಧಕರು ಪ್ರಕಟಿಸಿದರು. ಫೋನಿನಲ್ಲಿ ಮಾತಾಡುವಾಗ ಅಪಘಾತದ ಸಂಭವ ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದ ಫೋನಿನಿಂದ ಏನಾದರೂ ಲಾಭ ಕಂಡಿತೆ? ಕಾಣಲಿಲ್ಲ. 2001ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಹೋದ್ಯೋಗಿ, ಮಾತಾಡುತ್ತಿರುವವರು ಕೃತಕ ಸಿಗ್ನಲ್ಲುಗಳನ್ನು ತಪ್ಪಿಸಿಕೊಳ್ಳುವುದು ಎರಡು ಪಟ್ಟಾಗುತ್ತದೆಂದು ತೋರಿಸಿದರು. ಕೈಯಲ್ಲಿ ಹಿಡಿದರೂ ಅಷ್ಟೆ, ಹಿಡಿಯದಿದ್ದರೂ ಅಷ್ಟೆ. ಮುಂದೆ 2003ರಲ್ಲಿ ಅದೇ ತಂಡ, ಕಣ್ಣು ನೆಟ್ಟು ನೋಡಿದ ವಸ್ತುವೂ ಮನಸ್ಸಿಗೆ ಇಳಿಯುವುದಿಲ್ಲ ಎಂದು ತೋರಿಸಿತು.

ಪಕ್ಕದಲ್ಲಿ ಕೂತವರ ಜೊತೆ ಮಾತಾಡಿದರೂ ಹೀಗೇ ಅಲ್ಲವೇ? ಅಲ್ಲ! 2008ರಲ್ಲಿ ಅದನ್ನೂ ನೋಡಿದ್ದಾರೆ. ಪಕ್ಕದವನ ಕಣ್ಣೂ ರಸ್ತೆಯ ಮೇಲಿರುತ್ತೆ. ತಿರುವು ಬಂದರೆ ಮಾತು ನಿಲ್ಲಿಸುತ್ತಾನೆ, "ಅಗೋ ಗಾಡಿ" ಅನ್ನುತ್ತಾನೆ. ಫೋನಿನ ಆ ತುದಿಯಲ್ಲಿರುವವರಿಗೆ ಕಬ್ಬೂ ಕಾಣೋದಿಲ್ಲ, ಎತ್ತೂ ಕಾಣೋದಿಲ್ಲ.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಆ ಕಾರಿನಲ್ಲಿ ಪಕ್ಕದವನು ನಾನೇ ತಾನೆ? ನನ್ನ ಕಣ್ಣೆಲ್ಲಿತ್ತು? ನೋಟ್ ಪುಸ್ತಕದ ಮೇಲೆ! ಆ ಪುಟವನ್ನು ಹರಿದು ಹಾಕಿದ್ದೇನೆ. ಯಾರು ಆ ನಾಯಕಿ, ಎಷ್ಟು ಹಣ ಅಂತ ಕೇಳಿ ದಯವಿಟ್ಟು ಕಾಗದ ಬರೆಯಬೇಡಿ.

ಕಲ್ಯಾಣಿಯ ಮೆಟ್ಟಿಲ ಮೇಲೆ ಡ್ರೈವರಣ್ಣ ಇನ್ನೊಂದು ಮಾತು ಹೇಳಿದರು. "ಡಬ್ಬ ಇಲ್ದಾಗ ಫೋನ್ ಬಂದ್ರೆ ಮರದ ಕೆಳಗೆ ಸೈಡಿಗೆ ಹಾಕ್ತಿದ್ದೆ ಸಾರ್. ಮಾತಾಡಿ, ಮುಖಕ್ಕೆ ನೀರು ಹಾಕ್ಕೊಂಡು, ಒಂದು ಟೀ ಕುಡಿದು ಹೊರಡ್ತಿದ್ದೆ. ಎತ್ತಲಿಲ್ಲ ಅಂದ್ರೂ 'ಗಾಡಿ ಓಡಿಸ್ತಿದ್ದೆ' ಅಂದ್ರೆ ಮುಗೀತಿತ್ತು. ಈಗ ಎತ್ತದೆ ಇದ್ರೆ, ಡಬ್ಬ ಕೊಡ್ಸಿದೀವಲ್ಲ, ಯಾಕೆ ಎತ್ತಲಿಲ್ಲ ಅಂತಾರೆ."

ಚಿತ್ರೋದ್ಯಮದ ದೊಡ್ಡವರು ಗಮನಿಸಬೇಕಾದ್ದು ಇಲ್ಲಿದೆ. ಡಬ್ಬಿ ಕೊಡಿಸಿ, ಬೇಡ ಅನ್ನೋದಿಲ್ಲ. ಆದರೆ ನಡುರಾತ್ರಿ ಗಾಡಿ ಹೊಡೆಯುವವರಿಗೆ ಒಂಬತ್ತು ಸಲ ಕರೆ ಮಾಡಿದರೆ ಸೂರ್ಯ ಒಂಬತ್ತು ನಿಮಿಷ ತಡವಾಗಿ ಹುಟ್ಟುತ್ತಾನೆಯೇ?

ಸಂಜೆ ವಾಪಸು ಹೊರಟೆವು. ಪಾಂಡವಪುರದ ಹತ್ತಿರ ಡಬ್ಬಿ ಕಿಣಿಕಿಣಿ ಅಂದಿತು. ಡ್ರೈವರಣ್ಣ ಡಬ್ಬಿಯ ಸ್ವಿಚ್ಚನ್ನೇ ಆರಿಸಿ, ಫೋನನ್ನು ನನ್ನ ಕೈಗಿಟ್ಟರು.

"ನೀವೇ ಮಾತಾಡಿ ಸಾರ್."

ಎತ್ತಿದೆ. "ಸಾರ್, ಅಣ್ಣ ಗಾಡಿ ಓಡಿಸ್ತಿದಾರೆ. ಏನಾದ್ರೂ ಹೇಳ್ಬೇಕಾ?"

ಆ ಕಡೆ ಎರಡು ಗಳಿಗೆ ಸದ್ದಿಲ್ಲ.

"ನೀನ್ಯಾವನಯ್ಯಾ?" ಅಂದರು ಮ್ಯಾನೇಜರರು.

ಪತ್ರಿಕೆಯ ಹೆಸರು ಹೇಳಿದೆ. ಬೆಂಗಳೂರು ಮುಟ್ಟುವ ತನಕ ಮತ್ತೆ ಕರೆ ಬರಲಿಲ್ಲ. ಮದ್ದೂರಿನಲ್ಲಿ ಇಳಿದು, ಆರಾಮಾಗಿ ವಡೆ ತಿಂದು, ಎರಡೆರಡು ಕಾಫಿ ಕುಡಿದೆವು.